ದಾನಿಯ ಮನೆಯ ಮಕ್ಕಳು: ಪಶ್ಚಿಮ ಕೆನ್ಯಾದಲ್ಲಿ ನನ್ನ ಅನುಭವ

ಲುವೋ ಜನರ ಭಾಷೆಯಲ್ಲಿ ಅಜ್ಜಿಯನ್ನು ‘ದಾನಿ’ ಎಂದು ಕರೆಯುತ್ತಾರೆ. 2008ರ ನಡುವಿನಲ್ಲಿ ಪಶ್ಚಿಮ ಕೆನ್ಯಾದ ಸಿಯಾಯ ಜಿಲ್ಲೆಗೆ ಸಮಾಜ ಕಾರ್ಯಕರ್ತೆಯಾಗಿ ಹೋದ ಮೊದಲ ವಾರದಲ್ಲೇ ಈ ಪದ ಕಿವಿಗೆ ಬಿದ್ದಾಗ, ಕನ್ನಡ ಬಲ್ಲ ಯಾರಿಗೇ ಆದರೂ ಆಗುವಂತೆ, ನನಗೂ ಮೈ ಜುಮ್ಮೆಂದಿತು. ನಮ್ಮ ಕಚೇರಿಯ ಕಡತಗಳಲ್ಲಿ ದಾನಿಗಳೆಂದರೆ ಯುರೋಪಿನಿಂದ ಹಣ ಕಳಿಸುವವರು. ಊರೊಳಗೆ ದಾನಿ ಎಂದರೆ ಹೆತ್ತ ಮಕ್ಕಳನ್ನು ತನ್ನ ಅಂಗಳದಲ್ಲೇ ಮಣ್ಣು ಮಾಡಿ, ಅವರು ಬಿಟ್ಟುಹೋದ ಮಕ್ಕಳನ್ನು ಸಾಕುತ್ತಿರುವ ಎಪ್ಪತ್ತು ವರ್ಷದ ಹೆಂಗಸು. ಅಂಥ ಅಜ್ಜಿಯರ, ಚಿಕ್ಕಮ್ಮಂದಿರ, ಸೋದರಮಾವಂದಿರ ಮನೆಗಳಿಗೆ ಆರು ವರ್ಷ ನಡೆದು ನಾನು ಕಲಿತದ್ದನ್ನು, ಅದರಲ್ಲೂ ತಪ್ಪು ಮಾಡಿ ಕಲಿತದ್ದನ್ನು, ಇಂಥದೇ ಕೆಲಸಕ್ಕೆ ಇಳಿಯುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನಾನು ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಲ್ಲಿ ಎಚ್‌ಐವಿ ಬಾಧಿತ ಕುಟುಂಬಗಳ ನಡುವೆ ಕೆಲಸ ಮಾಡಿದ್ದೆ. ಕರ್ನಾಟಕದಲ್ಲಿ ಸೋಂಕು ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಅದೂ ಒಂದಾಗಿದ್ದರಿಂದ, ಮೊಮ್ಮಕ್ಕಳ ಔಷಧದ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಆಸ್ಪತ್ರೆಗೆ ಬರುವ ಅಜ್ಜಿಯರು ನನಗೆ ಹೊಸಬರಾಗಿರಲಿಲ್ಲ. ಆದರೆ ಅಲ್ಲಿ ಊರಿಗೆ ಒಂದೆರಡು ಮನೆಗಳಲ್ಲಿ ಕಂಡದ್ದು ಸಿಯಾಯದಲ್ಲಿ ಮನೆಮನೆಯ ಸಂಗತಿಯಾಗಿತ್ತು. ಕೆನ್ಯಾ ಸರಕಾರ ಏಡ್ಸ್ ಅನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿದ್ದು 1999ರಲ್ಲಿ. ಸರಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧ ಉಚಿತವಾಗಿ ಸಿಗತೊಡಗಿದ್ದು 2006ರಲ್ಲಿ. ಈ ಎರಡರ ನಡುವಿನ ವರ್ಷಗಳಲ್ಲಿ ವಿಕ್ಟೋರಿಯಾ ಸರೋವರದ ಸುತ್ತಲಿನ ನ್ಯಾಂಜಾ ಸೀಮೆಯಲ್ಲಿ ಒಂದು ಇಡೀ ತಲೆಮಾರು ಸವೆದು ಹೋಗಿತ್ತು. ನಾನು ಹೋದಾಗ ಊರುಗಳಲ್ಲಿ ಮುದುಕರಿದ್ದರು, ಮಕ್ಕಳಿದ್ದರು. ಹೊಲದಲ್ಲಿ ಗುದ್ದಲಿ ಹಿಡಿಯಬೇಕಾದ ಮೂವತ್ತು-ನಲವತ್ತರ ವಯಸ್ಸಿನವರು ಮಾತ್ರ ಅಂಗಳದ ಗೋರಿಗಳಲ್ಲಿದ್ದರು.

ಬಂಧುಗಳ ಮನೆಯಲ್ಲಿ ಮಕ್ಕಳು ಬೆಳೆಯುವುದು ಏಡ್ಸ್‌ನಿಂದ ಹುಟ್ಟಿದ ಪದ್ಧತಿಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಬರಾಕ್ ಒಬಾಮಾ ಅವರ ತಂದೆಯ ಊರು ಕೊಗೆಲೊ ಇರುವುದು ಇದೇ ಸಿಯಾಯದಲ್ಲಿ. ಆ ತಂದೆಯನ್ನು ಬೆಳೆಸಿದವರು ಹೆತ್ತ ತಾಯಿಯಲ್ಲ. ಆಕೆ ಮನೆ ಬಿಟ್ಟು ಹೋದ ಮೇಲೆ ಸವತಿ ಸಾರಾ ಆ ಮಕ್ಕಳನ್ನು ತನ್ನ ಮಕ್ಕಳೆಂದೇ ಸಾಕಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಊರಿನ ಅನಾಥ ಮಕ್ಕಳಿಗೆ ಅವರ ಅಂಗಳ ತೆರೆದೇ ಇತ್ತು. ಮಗು ಹೆತ್ತವರೊಬ್ಬರ ಸೊತ್ತಲ್ಲ, ಕುಲದ್ದು ಎಂಬ ತಿಳಿವಳಿಕೆ ಅಲ್ಲಿ ಬಹಳ ಹಳೆಯದು. ಏಡ್ಸ್‌ನಿಂದ ಬದಲಾದದ್ದು ಎರಡು ಸಂಗತಿ. ಮಕ್ಕಳ ಸಂಖ್ಯೆ ಏರಿತು, ಸಾಕಬೇಕಾದವರ ಸಂಖ್ಯೆ ಇಳಿಯಿತು. ಕೆನ್ಯಾದ ಮಾನವಶಾಸ್ತ್ರಜ್ಞ ಎರಿಕ್ ನ್ಯಾಂಬೆಧಾ ಮತ್ತು ಸಂಗಡಿಗರು ಅಲ್ಲಿಗೆ ಸಮೀಪದ ಬೊಂಡೊ ಭಾಗದಲ್ಲಿ ಅಧ್ಯಯನ ನಡೆಸಿ 2003ರಲ್ಲಿ ಪ್ರಕಟಿಸಿದ ಬರಹದ ಪ್ರಕಾರ, 18 ವರ್ಷದೊಳಗಿನ ಮೂರು ಮಕ್ಕಳಲ್ಲಿ ಒಂದು ಮಗು ತಾಯಿಯನ್ನೋ ತಂದೆಯನ್ನೋ ಕಳೆದುಕೊಂಡಿತ್ತು. ಒಂಬತ್ತರಲ್ಲಿ ಒಂದಕ್ಕೆ ಇಬ್ಬರೂ ಇರಲಿಲ್ಲ. ಸಂಪ್ರದಾಯದ ಪ್ರಕಾರ ಮಕ್ಕಳು ತಂದೆಯ ಕಡೆಯವರಿಗೆ ಸೇರಬೇಕು. ಹಾಗಿದ್ದೂ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳು ತಾಯಿಯ ಕಡೆಯವರ ಅಥವಾ ಪರಕೀಯರ ಆಶ್ರಯದಲ್ಲಿದ್ದವೆಂದು ಅವರು ದಾಖಲಿಸಿದ್ದಾರೆ. ಈ ಕೊನೆಯ ಮಾತಿನ ತೂಕ ನನಗೆ ಅರ್ಥವಾಗಲು ನಾಲ್ಕು ವರ್ಷ ಬೇಕಾಯಿತು; ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ವರ್ಷದ ನನ್ನ ಕೆಲಸ ಸರಳವಾಗಿತ್ತು, ಮತ್ತು ತಪ್ಪಾಗಿತ್ತು. ಕೆನ್ಯಾದಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ 2003ರ ಜನವರಿಯಲ್ಲೇ ರದ್ದಾಗಿದ್ದರೂ ಸಮವಸ್ತ್ರ, ಪರೀಕ್ಷೆ, ಬೆಂಚು ಎಂಬ ಹೆಸರಿನಲ್ಲಿ ಖರ್ಚು ಬರುತ್ತಲೇ ಇತ್ತು; ಅದು ಇಲ್ಲದ ಮಕ್ಕಳು ಮನೆಗೆ ಮರಳುತ್ತಿದ್ದರು. ನಾನು ಅನಾಥ ಮಕ್ಕಳ ಪಟ್ಟಿ ಮಾಡಿ, ಅಳತೆ ತೆಗೆಸಿ, ಒಬ್ಬೊಬ್ಬರ ಹೆಸರಿನಲ್ಲಿ ಸಮವಸ್ತ್ರ ಹೊಲಿಸಿ, ಕಪ್ಪು ಬೂಟು ಕೊಡಿಸಿದೆ. ಎರಡು ತಿಂಗಳ ನಂತರ ಒಂದು ಮನೆಗೆ ಹೋದರೆ, ಮಕ್ಕಳು ಬರಿಗಾಲಲ್ಲೇ ಶಾಲೆಯಿಂದ ಬರುತ್ತಿದ್ದವು. ಬೂಟು ಮಾರಿಕೊಂಡಿರಬೇಕೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ದಾನಿ ಮಾತನಾಡದೆ ತಗಡಿನ ಚಾವಣಿಯ ಕೆಳಗಿನ ತೊಲೆಯತ್ತ ಕೈ ತೋರಿಸಿದರು. ಮೂರು ಜೊತೆ ಬೂಟುಗಳು ಲೇಸಿನಿಂದ ಗಂಟು ಹಾಕಿಸಿಕೊಂಡು ಅಲ್ಲಿ ನೇತಾಡುತ್ತಿದ್ದವು. ಅಡಿಯಲ್ಲಿ ಒಂದಿಷ್ಟೂ ಮಣ್ಣು ಹತ್ತಿರಲಿಲ್ಲ.

ಆ ಮನೆಯಲ್ಲಿ ಐದು ಮಕ್ಕಳಿದ್ದರು. ಮೂವರು ತೀರಿಹೋದ ಮಗನವರು. ಇಬ್ಬರು ಕಿಸುಮು ಪಟ್ಟಣದಲ್ಲಿ ಕೂಲಿ ಮಾಡುತ್ತಿದ್ದ ಇನ್ನೊಬ್ಬ ಮಗನವರು. ನನ್ನ ಪಟ್ಟಿಯಲ್ಲಿ ಮೂವರಿಗಷ್ಟೇ ಜಾಗವಿತ್ತು. “ರಾತ್ರಿ ಐವರೂ ಒಂದೇ ಕಂಬಳಿಯಲ್ಲಿ ಮಲಗುತ್ತಾರೆ ನ್ಯಾತಿನಾ,” ಎಂದರು ದಾನಿ. ನ್ಯಾತಿನಾ ಎಂದರೆ ನನ್ನ ಮಗುವೇ ಎಂದು ಅರ್ಥ. “ಬೆಳಗಾದರೆ ಮೂವರು ಬೂಟು ಹಾಕಿಕೊಂಡು, ಇಬ್ಬರು ಬರಿಗಾಲಲ್ಲಿ ಹೊರಟರೆ, ಈ ಮನೆ ಎರಡಾಯಿತು. ನಾನು ಸತ್ತ ಮೇಲೆ ಈ ಮೂವರನ್ನು ನೋಡಿಕೊಳ್ಳಬೇಕಾದವನು ಆ ಇಬ್ಬರ ಅಪ್ಪ. ಅವನ ಮಕ್ಕಳ ಕಣ್ಣಿಗೆ ಇವರು ಮುಳ್ಳಾಗಬಾರದು.”

ನಾನು ಓದಿದ ಸಮಾಜಕಾರ್ಯದಲ್ಲಿ ಇಷ್ಟು ಸ್ಪಷ್ಟವಾದ ಪಾಠ ಇನ್ನೊಂದಿರಲಿಲ್ಲ. ಅನಾಥ ಮಗುವನ್ನು ಬೆಳೆಸುತ್ತಿರುವುದು ಒಂದು ಸಂಬಂಧ. ನನ್ನ ಸಹಾಯ ಆ ಸಂಬಂಧದ ನಡುವೆಯೇ ಬಿರುಕು ತರುತ್ತಿತ್ತು. ಅಂದು ರಾತ್ರಿ ಕಚೇರಿಗೆ ಮರಳಿ ಮಕ್ಕಳ ಪಟ್ಟಿಯನ್ನು ಬದಿಗಿಟ್ಟು ಮನೆಗಳ ಪಟ್ಟಿ ಮಾಡಿದೆ. ಅಂದಿನಿಂದ ಕಂಬಳಿ, ಸಾಬೂನು, ಬಿತ್ತನೆ ಬೀಜ, ಸೊಳ್ಳೆಪರದೆ, ಆಡು ಎಲ್ಲವೂ ಮನೆಯ ಲೆಕ್ಕದಲ್ಲಿ ಹೋಗತೊಡಗಿದವು. ಒಂದು ಮಗುವಿನ ಹೆಸರಿಗೆ ಏನನ್ನೂ ಕೊಡುತ್ತಿರಲಿಲ್ಲ. ಶಾಲೆಯ ಖರ್ಚನ್ನೂ ಹಾಗೆಯೇ ಮಾಡಿದೆವು: ಶಾಲೆಗೆ ಬೇಕಾದ ಬೆಂಚು, ನೀರಿನ ತೊಟ್ಟಿ ಒದಗಿಸಿ, ಅದಕ್ಕೆ ಪ್ರತಿಯಾಗಿ ನಮ್ಮ ಮನೆಗಳ ಯಾವ ಮಗುವನ್ನೂ ಬಾಕಿ ಹಣಕ್ಕಾಗಿ ಹೊರಗೆ ಕಳಿಸುವುದಿಲ್ಲ ಎಂದು ಮುಖ್ಯೋಪಾಧ್ಯಾಯರಿಂದ ಬರೆಸಿಕೊಂಡೆವು. ಇದರಿಂದ ಯಾವ ಮಗುವಿನ ಮೇಲೂ ‘ಅನಾಥ’ ಎಂಬ ಚೀಟಿ ಅಂಟುತ್ತಿರಲಿಲ್ಲ.

ಕೆನ್ಯಾ ಸರಕಾರ ಈ ಮಾತನ್ನು ನಮಗಿಂತ ಮೊದಲೇ ಅರಿತಿತ್ತೆಂದು ಹೇಳಬೇಕು. ಅನಾಥ ಹಾಗೂ ದುರ್ಬಲ ಮಕ್ಕಳ ಮನೆಗಳಿಗೆ ನಗದು ಕೊಡುವ ಅವರ ಯೋಜನೆ 2004ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2007ರ ನಂತರ ವಿಸ್ತಾರವಾಯಿತು. ನಾನು ಹೋದಾಗ ತಿಂಗಳಿಗೆ 1,500 ಶಿಲ್ಲಿಂಗ್ ಇದ್ದದ್ದು ಮುಂದೆ 2,000 ಆಯಿತು. ಎರಡೆರಡು ತಿಂಗಳ ಮೊತ್ತವನ್ನು ಒಟ್ಟಿಗೆ, ಮಗುವಿನ ಕೈಗಲ್ಲ, ಮನೆ ನಡೆಸುವವರ ಕೈಗೇ ಕೊಡುತ್ತಿದ್ದರು. ಮನೆಯಲ್ಲಿ ಒಂದು ಮಗುವಿರಲಿ, ಆರಿರಲಿ, ಮೊತ್ತ ಅಷ್ಟೇ. ಅದು ಅನ್ಯಾಯವೆಂದು ನನಗೆ ಮೊದಲು ಅನ್ನಿಸಿತ್ತು, ಈಗಲೂ ಸ್ವಲ್ಪ ಅನ್ನಿಸುತ್ತದೆ. ಆದರೆ ಆ ಹಣ ಹೇಗೆ ಖರ್ಚಾಗುತ್ತದೆಂದು ಕಂಡ ಮೇಲೆ ಯೋಜನೆಯ ಬಗ್ಗೆ ನನ್ನ ಗೌರವ ಹೆಚ್ಚಿತು. ಅಂಚೆ ಕಚೇರಿಯಿಂದ ಹೊರಬಂದ ಅಜ್ಜಿಯರು ಮೊದಲು ಅಂಗಡಿಯ ಸಾಲ ತೀರಿಸುತ್ತಿದ್ದರು, ಏಕೆಂದರೆ ಕೊಯ್ಲಿಗೆ ಮುಂಚಿನ ಹಸಿವಿನ ತಿಂಗಳುಗಳಲ್ಲಿ ಆ ಅಂಗಡಿಯವನೇ ಮೆಕ್ಕೆಜೋಳದ ಹಿಟ್ಟು ಕೊಡುವವನು. ಆಮೇಲೆ ಶಾಲೆಯ ಖರ್ಚು, ಸಾಬೂನು, ಸೀಮೆಎಣ್ಣೆ. ಉಳಿದ ಐವತ್ತು ಶಿಲ್ಲಿಂಗ್ ಸ್ತ್ರೀಯರ ಉಳಿತಾಯ ಗುಂಪಿಗೆ. ಚಾಮಾ ಎಂದು ಕರೆಯುವ ಆ ಗುಂಪುಗಳು ನಮ್ಮ ಸ್ವಸಹಾಯ ಸಂಘಗಳಂಥವೇ. ಮೂರು ಬೀಗಗಳ ಕಬ್ಬಿಣದ ಪೆಟ್ಟಿಗೆ, ಮೂರು ಬೀಗದ ಕೈಗಳು ಮೂವರು ಹೆಂಗಸರ ಬಳಿ.

ಈ ಯೋಜನೆಗೆ ಸೇರಿಸಲು, ಆಗಿದ್ದ ಎಂಟನೆಯ ತರಗತಿಯ ಪರೀಕ್ಷೆಗೆ ಕೂರಿಸಲು, ಎಲ್ಲದಕ್ಕೂ ಕಾಗದ ಬೇಕಿತ್ತು. ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ ಇರುವುದಿಲ್ಲ, ತಾಯಿಯ ಮರಣ ದಾಖಲಾಗಿರುವುದಿಲ್ಲ, ಅಜ್ಜಿಯ ಗುರುತಿನ ಚೀಟಿ ಕಳೆದಿರುತ್ತದೆ. ಲಸಿಕೆಯ ಕಾರ್ಡು, ಚರ್ಚಿನ ದೀಕ್ಷಾಸ್ನಾನದ ಕಾರ್ಡು, ಊರ ಹಿರಿಯರ ಮಾತು, ಉಪ ಚೀಫ್‌ನ (ಚೀಫ್ ಎಂದರೆ ಅಲ್ಲಿ ಸರಕಾರ ನೇಮಿಸುವ ಸ್ಥಳೀಯ ಅಧಿಕಾರಿ) ಪತ್ರ ಇವನ್ನು ಕೂಡಿಸಿಕೊಂಡು ತಡವಾದ ನೋಂದಣಿ ಮಾಡಿಸುವುದು ನನ್ನ ಅರ್ಧ ಆಯುಷ್ಯವನ್ನೇ ತಿಂದಿತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದೇ ಸಲಹೆ: ಸಾವಾದ ಮನೆಗೆ ಸಾಂತ್ವನ ಹೇಳಲು ಹೋದ ತಿಂಗಳಲ್ಲೇ ಮರಣವನ್ನು ದಾಖಲಿಸಿಬಿಡಬೇಕು. ಐದು ವರ್ಷದ ನಂತರ ಸಾಕ್ಷಿ ಹೇಳುವವರೂ ಉಳಿದಿರುವುದಿಲ್ಲ.

ಬಂಧುಗಳ ಮನೆ ಎಂದ ಮಾತ್ರಕ್ಕೆ ಎಲ್ಲವೂ ಪ್ರೀತಿಯ ಮನೆಗಳೇ ಎಂದು ನಾನು ಹೇಳಲಾರೆ. ಅನಾಥ ಹುಡುಗಿಯನ್ನು ಸಂಬಳವಿಲ್ಲದ ಆಳಿನಂತೆ ದುಡಿಸಿಕೊಳ್ಳುವ ಮನೆಗಳನ್ನೂ ಕಂಡಿದ್ದೇನೆ. ಆದರೆ ಅದನ್ನು ಕಂಡುಹಿಡಿಯಲು ಪ್ರಶ್ನೆಪತ್ರಿಕೆಯಿಂದ ಸಾಧ್ಯವಿಲ್ಲ. ಚಿಕ್ಕಮ್ಮನ ಎದುರಿಗೆ ಮಗುವನ್ನು “ಚೆನ್ನಾಗಿ ನೋಡಿಕೊಳ್ಳುತ್ತಾರಾ?” ಎಂದು ಕೇಳುವುದು ಮಗುವಿಗೆ ಮಾಡುವ ಅಪಕಾರ. ನಾನು ಮಧ್ಯಾಹ್ನದ ಭೇಟಿಗಳನ್ನು ಬಿಟ್ಟು ಸಂಜೆ ಹೋಗತೊಡಗಿದೆ. ಸಂಜೆ ಆರರಿಂದ ಎಂಟರವರೆಗೆ ಅಡುಗೆಮನೆಯ ಹೊಸ್ತಿಲಲ್ಲಿ ಕಾಳು ಆರಿಸುತ್ತ ಕುಳಿತರೆ ಮನೆಯ ಸತ್ಯವೆಲ್ಲ ಕಣ್ಣಿಗೆ ಬೀಳುತ್ತದೆ. ಅಲ್ಲಿ ಮಕ್ಕಳೆಲ್ಲ ಒಂದೇ ತಟ್ಟೆಯ ಸುತ್ತ ಕೂತು ‘ಕುವೋನ್’ ತಿನ್ನುತ್ತಾರೆ. ಅದು ಮೆಕ್ಕೆಜೋಳದ ಅಥವಾ ಜೋಳದ ಹಿಟ್ಟಿನ ಗಟ್ಟಿ ಮುದ್ದೆ, ನಂಜಿಕೊಳ್ಳಲು ಸೊಪ್ಪು ಇಲ್ಲವೆ ‘ಒಮೆನಾ’ ಎಂಬ ಬೆರಳುದ್ದದ ಒಣಮೀನು. ಆ ತಟ್ಟೆಗೆ ಕೈ ಹಾಕುವವರಲ್ಲಿ ಕೊನೆಯವರು ಯಾರು, ನೀರಿನ ಇಪ್ಪತ್ತು ಲೀಟರ್ ಕ್ಯಾನು ದಿನವೂ ಯಾರ ತಲೆಯ ಮೇಲಿರುತ್ತದೆ, ಕಂಬಳಿಯ ಯಾವ ತುದಿಯಲ್ಲಿ ಯಾರು ಮಲಗುತ್ತಾರೆ, ಕಾಯಿಲೆಯಾದಾಗ ಯಾರ ಹೆಸರನ್ನು ತಡವಾಗಿ ಹೇಳುತ್ತಾರೆ ಎಂಬ ಸಣ್ಣ ಸಣ್ಣ ಗುರುತುಗಳನ್ನು ನಾನು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ.

ಒಂದು ಮನೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಎಲ್ಲರ ಊಟ ಮುಗಿಯುವವರೆಗೂ ಬಾಗಿಲಿನ ಹೊರಗೆ ಪಾತ್ರೆ ತಿಕ್ಕುತ್ತಿದ್ದಳು. ತಳಕ್ಕೆ ಹತ್ತಿದ ಸೀಕಲನ್ನು ಕೆರೆದು ಅಲ್ಲೇ ತಿಂದಳು. ಅವಳನ್ನು ಸಾಕುತ್ತಿದ್ದ ಚಿಕ್ಕಮ್ಮ ಕೆಟ್ಟವಳಲ್ಲ. ಆಕೆಗೆ ತನ್ನದೇ ನಾಲ್ಕು ಮಕ್ಕಳು, ಸರೋವರದ ದಂಡೆಗೆ ಮೀನಿನ ಕೆಲಸಕ್ಕೆ ಹೋದ ಗಂಡ ತಿಂಗಳುಗಟ್ಟಲೆ ಬಂದಿರಲಿಲ್ಲ. ಗದರಿಸಿದ್ದರೆ ಆ ಹುಡುಗಿಯ ಬೆನ್ನಿಗೇ ಏಟು ಬೀಳುತ್ತಿತ್ತು. ಬದಲಾಗಿ ಆಕೆಯನ್ನು ಉಳಿತಾಯ ಗುಂಪಿಗೆ ಸೇರಿಸಿ, ಊರಿನ ಇಬ್ಬರು ಹಿರಿಯ ದಾನಿಯರಿಗೆ ಆ ಮನೆಯ ಜವಾಬ್ದಾರಿ ಒಪ್ಪಿಸಿದೆವು. ಅವರು ಬೆಳಗ್ಗೆ, ಸಂಜೆ, ಹೊತ್ತಲ್ಲದ ಹೊತ್ತಿನಲ್ಲಿ “ಬೆಂಕಿ ಕೊಡು” ಎಂದೋ “ಉಪ್ಪು ಕೊಡು” ಎಂದೋ ಒಳಗೆ ಬರುತ್ತಿದ್ದರು. ಅತ್ತೆಯ ವಯಸ್ಸಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಾಗ ಯಾವ ಸೊಸೆಯೂ ಮಗುವನ್ನು ಹೊರಗೆ ಕೂರಿಸುವುದಿಲ್ಲ. ಮೂರು ತಿಂಗಳಲ್ಲಿ ಆ ಹುಡುಗಿ ತಟ್ಟೆಯ ಬಳಿ ಬಂದಳು. ಎಲ್ಲ ಮನೆಗಳಲ್ಲೂ ಇದು ಫಲಿಸಲಿಲ್ಲ. ಎರಡು ಸಲ ಮಕ್ಕಳನ್ನು ಬೇರೆ ಬಂಧುಗಳ ಮನೆಗೆ ಒಯ್ಯಲೇಬೇಕಾಯಿತು.

ಔಷಧದ ವಿಷಯದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಮರೆಯಲಾರೆ. ಸೋಂಕಿನೊಂದಿಗೆ ಹುಟ್ಟಿದ ಮಕ್ಕಳಿಗೆ ಆಗ ಕೊಡುತ್ತಿದ್ದ ಸಿರಪ್‌ಗಳು ಎರಡು-ಮೂರು ಬಗೆಯವು. ಮಗುವಿನ ತೂಕ ಹೆಚ್ಚಿದಂತೆ ಅಳತೆ ಬದಲಾಗುತ್ತದೆ, ಹನ್ನೆರಡು ಗಂಟೆಗೊಮ್ಮೆ ತಪ್ಪದೆ ಕೊಡಬೇಕು. ಓದು ಬಾರದ ಅಜ್ಜಿಯರಿಗಾಗಿ ಬಾಟಲಿಗಳ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಅದೇ ಬಣ್ಣದ ಅಂಟುಪಟ್ಟಿಯನ್ನು ಸಿರಿಂಜಿನ ಮೇಲೆ ಅಳತೆಯ ಗೆರೆಗೆ ಅಂಟಿಸುವ ಉಪಾಯವನ್ನು ನರ್ಸ್ ಒಬ್ಬರು ಕಲಿಸಿದ್ದರು. ಹೊತ್ತು ತಿಳಿಯಲೆಂದು ನಾನು ಕಾರ್ಡಿನ ಮೇಲೆ ದೊಡ್ಡದಾಗಿ 7 ಎಂದು ಎರಡು ಸಲ ಬರೆದುಕೊಟ್ಟೆ, ಒಂದರ ಪಕ್ಕದಲ್ಲಿ ಸೂರ್ಯ, ಇನ್ನೊಂದರ ಪಕ್ಕದಲ್ಲಿ ಚಂದ್ರ. ಪೂರ್ವ ಆಫ್ರಿಕಾದ ಜನ ಗಂಟೆಯನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಬೆಳಗಿನ ಏಳು ಅವರಿಗೆ ಮೊದಲ ಗಂಟೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆಯುವಾಗ ಮರೆತೆ. ಪಕ್ಕದ ಮನೆಯ ಹುಡುಗ ಅದನ್ನು “ಏಳನೆಯ ಗಂಟೆ” ಎಂದು ಓದಿ ಹೇಳಿದ. ಏಳನೆಯ ಗಂಟೆ ಎಂದರೆ ಮಧ್ಯಾಹ್ನ ಒಂದು, ರಾತ್ರಿ ಒಂದು. ಮುಂದಿನ ತಿಂಗಳು ಹೋದಾಗ ದಾನಿಯ ಕಣ್ಣುಗಳು ಕೆಂಡದಂತಿದ್ದವು. ಇಪ್ಪತ್ತೆಂಟು ರಾತ್ರಿ ಆಕೆ ಗಡಿಯಾರವಿಲ್ಲದ ಮನೆಯಲ್ಲಿ ನಿದ್ದೆಗೆಟ್ಟು, ಪಕ್ಕದ ಮನೆಯ ಮೊಬೈಲಿನಲ್ಲಿ ಹೊತ್ತು ಕೇಳಿ, ಐದು ವರ್ಷದ ಮೊಮ್ಮಗನನ್ನು ಎಬ್ಬಿಸಿ ಔಷಧ ಕುಡಿಸಿದ್ದರು. ಒಂದು ಹೊತ್ತೂ ತಪ್ಪಿಸಿರಲಿಲ್ಲ. ನಾನು ಅವರ ಕಾಲು ಮುಟ್ಟಿ ಕ್ಷಮೆ ಕೇಳಿದೆ. ಆ ಆಚಾರ ಅಲ್ಲಿಯದಲ್ಲವಾದ್ದರಿಂದ ಅವರು ಗಾಬರಿಯಾದರು. ಆಮೇಲೆ ನಾವು ಗಂಟೆಯನ್ನೇ ಬಿಟ್ಟು, ರಾಮೋಗಿ ಎಫ್‌ಎಂನ ಬೆಳಗಿನ ವಾರ್ತೆ, ಸಂಜೆಯ ವಾರ್ತೆ ಎಂದು ಗೊತ್ತುಮಾಡಿದೆವು. ಲುವೋ ಭಾಷೆಯ ಆ ಬಾನುಲಿ ಪ್ರತಿ ಅಂಗಳದಲ್ಲೂ ಕೇಳಿಸುತ್ತದೆ.

ಸಿರಪ್ ಕುಡಿದ ಮೇಲೆ ಕಹಿ ಹೋಗಲು ಅಜ್ಜಿಯರು ಮಕ್ಕಳಿಗೆ ‘ನ್ಯೂಕಾ’ ಕೊಡುತ್ತಿದ್ದರು. ಅದು ರಾಗಿ ಅಥವಾ ಜೋಳದ ಹಿಟ್ಟಿನ ಅಂಬಲಿ. ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಹೊಲಗಳಿಗೆ ಬಂದದ್ದು. ಹುಳಿ ಹಿಡಿದ ಆ ಅಂಬಲಿಯ ವಾಸನೆ ಬಂದಾಗಲೆಲ್ಲ ನನಗೆ ಪರದೇಶದಲ್ಲಿದ್ದೇನೆ ಎನ್ನುವುದೇ ಮರೆತುಹೋಗುತ್ತಿತ್ತು.

ಹೆಣ್ಣುಮಕ್ಕಳು ಮೈನೆರೆಯುವ ವಯಸ್ಸಿಗೆ ಬಂದಾಗ ಅಜ್ಜಿಯರ ಆತಂಕ ಹೆಚ್ಚುತ್ತಿತ್ತು. ಇಲ್ಲಿ ನಾವು ಹೊಸದೇನನ್ನೂ ತರಲಿಲ್ಲ. ಹಳೆಯದೊಂದನ್ನು ಮತ್ತೆ ಎತ್ತಿಕೊಂಡೆವು. ಲುವೋ ಸಂಪ್ರದಾಯದಲ್ಲಿ ಮದುವೆಯಾಗದ ಹುಡುಗಿಯರು ರಾತ್ರಿ ಮಲಗುತ್ತಿದ್ದದ್ದು ‘ಸಿವಿಂಧೆ’ ಎಂಬ ಮನೆಯಲ್ಲಿ, ಅಂದರೆ ವಯಸ್ಸಾದ ಅಜ್ಜಿಯ ಗುಡಿಸಲಿನಲ್ಲಿ. ಕಥೆ, ಒಗಟು, ಮೈಯ ವಿಷಯ, ಗಂಡಸರ ವಿಷಯ ಎಲ್ಲವನ್ನೂ ಹೇಳಿಕೊಡುತ್ತಿದ್ದವಳು ತಾಯಿಯಲ್ಲ, ಅಜ್ಜಿಯೇ. ಶಾಲೆಗಳು ಬಂದ ಮೇಲೆ ಅದು ಮಸುಕಾಗಿತ್ತು. ಶನಿವಾರ ರಾತ್ರಿ ಐದಾರು ಮನೆಗಳ ಹುಡುಗಿಯರನ್ನು ಒಬ್ಬ ದಾನಿಯ ಮನೆಯಲ್ಲಿ ಸೇರಿಸಿದೆವು. ನರ್ಸ್ ಹೇಳಿದರೆ ತಲೆ ತಗ್ಗಿಸುತ್ತಿದ್ದ ಹುಡುಗಿಯರು ದಾನಿ ಹೇಳಿದಾಗ ಎದುರು ಪ್ರಶ್ನೆ ಹಾಕುತ್ತಿದ್ದರು. ತಾಯಿಯ ಸಾವನ್ನು ‘ಚಿರಾ’ ಎನ್ನುವ, ನಿಷೇಧ ಮುರಿದದ್ದರಿಂದ ಬರುತ್ತದೆಂದು ನಂಬುವ ಕ್ಷೀಣಿಸುವ ರೋಗವೆಂದು ಕೇಳಿಕೊಂಡು ಬೆಳೆದ ಹುಡುಗಿಯರು, ಅದು ಚಿರಾ ಅಲ್ಲ, ಎಚ್‌ಐವಿ, ಔಷಧವಿರುವ ಕಾಯಿಲೆ ಎಂಬುದನ್ನು ಒಪ್ಪಿಕೊಂಡದ್ದು ಆ ಗುಡಿಸಲಿನ ಕತ್ತಲೆಯಲ್ಲಿ.

ಇನ್ನು ಭೂಮಿಯ ಮಾತು. ತಾಯಿಯ ಕಡೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ವಿಷಯವನ್ನು ಆಮೇಲೆ ಹೇಳುತ್ತೇನೆಂದು ಮೇಲೆ ಬರೆದೆನಲ್ಲ, ಅದು ಇದೇ. ನಮ್ಮಲ್ಲಿ ಸೋದರಮಾವನ ಮನೆ ಎಂದರೆ ಹಕ್ಕಿನ ಮನೆ. ಲುವೋ ಕುಲದ ಲೆಕ್ಕದಲ್ಲಿ ಸೋದರಳಿಯ, ಅವರ ಮಾತಿನ ‘ಒಕೆವೊ’, ಮಾವನ ಮನೆಯಲ್ಲಿ ಪ್ರೀತಿಯ ಅತಿಥಿ. ಆದರೆ ಅಲ್ಲಿಯ ನೆಲ ಅವನದಲ್ಲ. ಬೇರೆಯವರ ನೆಲದಲ್ಲಿ ನೆಲೆಸಿದವನಿಗೆ ‘ಜಾದಾಕ್’ ಎಂಬ ಪದವೇ ಇದೆ. ಅಜ್ಜಿ ಬದುಕಿರುವವರೆಗೆ ಯಾರೂ ಮಾತನಾಡುವುದಿಲ್ಲ. ಅಜ್ಜಿ ಹೋದ ಮರುವರ್ಷವೇ ಮಾವಂದಿರ ಮಕ್ಕಳು ಗಡಿಯ ಬೇಲಿ ಸರಿಸುತ್ತಾರೆ, ಹದಿನೆಂಟರ ಹುಡುಗ ಬೀದಿಗೆ ಬೀಳುತ್ತಾನೆ. ನಾವು ಮಕ್ಕಳ ಊಟ, ಶಾಲೆ, ಔಷಧ ನೋಡಿಕೊಂಡೆವು. ಅವರು ದೊಡ್ಡವರಾದಾಗ ಎಲ್ಲಿ ನಿಲ್ಲಬೇಕೆಂಬುದನ್ನು ನೋಡಿರಲಿಲ್ಲ. 2012ರಲ್ಲಿ ಹಾಗೆ ಬೀದಿಗೆ ಬಿದ್ದ ಇಬ್ಬರು ಹುಡುಗರು ನಮ್ಮ ಕಚೇರಿಯ ಜಗಲಿಯಲ್ಲಿ ಬಂದು ಮಲಗಿದ ಮೇಲೆ ನಮಗೆ ಎಚ್ಚರವಾಯಿತು.

ಅಂದಿನಿಂದ ತಾಯಿಯ ತವರಿನಲ್ಲಿ ಬೆಳೆಯುತ್ತಿದ್ದ ಗಂಡುಮಕ್ಕಳ ತಂದೆಯ ಊರನ್ನು ಹುಡುಕಿಕೊಂಡು ಹೋಗತೊಡಗಿದೆವು. ಹದಿನೈದು ವರ್ಷದ ಒಬ್ಬ ಹುಡುಗನನ್ನೂ ಅವನ ದಾನಿಯನ್ನೂ ಕರೆದುಕೊಂಡು ತಂದೆಯ ಊರಿಗೆ ಮೊದಲ ಸಲ ಹೋದದ್ದು ಒಂದು ಸಾವಿಗೆ. ಸಾವಿನ ಮನೆಯಲ್ಲಿ ಕುಲದವರೆಲ್ಲ ಸೇರುತ್ತಾರೆ, ಯಾರು ಯಾರ ಮಗನೆಂದು ಎದ್ದು ನಿಂತು ಹೇಳುತ್ತಾರೆ. ಅಲ್ಲಿ ಒಮ್ಮೆ ಹೆಸರು ಬಂದರೆ ಅದನ್ನು ಅಲ್ಲಗಳೆಯುವುದು ಕಷ್ಟ. ಆಮೇಲೆ ಪ್ರತಿ ರಜೆಯಲ್ಲೂ ಅವನನ್ನು ಅಲ್ಲಿಗೆ ಕಳಿಸಿದೆವು. ಎರಡನೆಯ ವರ್ಷ ದೊಡ್ಡಪ್ಪನೊಬ್ಬನ ಮನಸ್ಸು ಕರಗಿ, ತಂದೆಯ ಅಂಗಳದ ಅಂಚಿನಲ್ಲಿ ಅವನಿಗೊಂದು ‘ಸಿಂಬಾ’ ಕಟ್ಟಲು ಗಳು ಕಡಿದುಕೊಟ್ಟ. ಸಿಂಬಾ ಎಂದರೆ ಬೆಳೆದ ಮಗ ತಂದೆಯ ಅಂಗಳದಲ್ಲಿ ಕಟ್ಟಿಕೊಳ್ಳುವ ಒಂಟಿ ಗುಡಿಸಲು. ನೆಲದ ಮೇಲೆ ಹಕ್ಕಿದೆ ಎನ್ನುವುದಕ್ಕೆ ಊರವರ ಕಣ್ಣಿಗೆ ಅದಕ್ಕಿಂತ ದೊಡ್ಡ ದಾಖಲೆಯಿಲ್ಲ. ಸರಕಾರಕ್ಕೆ ಬೇರೆ ದಾಖಲೆ ಬೇಕು. ಭೂಮಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಕೆನ್ಯಾದ ಉತ್ತರಾಧಿಕಾರ ಕಾನೂನಿನ ಪ್ರಕಾರ ನ್ಯಾಯಾಲಯಕ್ಕೆ ಅರ್ಜಿ ಹಾಕುವಾಗ ವಾರಸುದಾರರ ಹೆಸರುಗಳಿರುವ ಚೀಫ್‌ನ ಪತ್ರ ಬೇಕಾಗುತ್ತದೆ. ಆಮೇಲೆ ಸರಕಾರಿ ಗೆಜೆಟ್‌ನಲ್ಲಿ ಪ್ರಕಟವಾಗಿ, 30 ದಿನಗಳೊಳಗೆ ಆಕ್ಷೇಪಣೆ ಬರಬಹುದು. ಅನಾಥರ ಹೆಸರು ಬಿಟ್ಟುಹೋಗುವುದು ಆ ಪತ್ರದಲ್ಲೇ. ಯಾರೋ ವಕೀಲರನ್ನು ಹಿಡಿಯುವುದಕ್ಕಿಂತ ಮೊದಲು, ಆ ಪತ್ರ ಬರೆಯುವ ದಿನ ಹುಡುಗನನ್ನು ಚೀಫ್‌ನ ಎದುರಿಗೆ ಕೂರಿಸುವುದು ಹೆಚ್ಚು ಕೆಲಸ ಮಾಡಿತು. ನಾನು ಹೊರಡುವ ಹೊತ್ತಿಗೆ ಅವನು ತಂದೆಯ ಪಾಲಿನ ಅರ್ಧದಷ್ಟರಲ್ಲಿ ಮೆಕ್ಕೆಜೋಳ ಬಿತ್ತಿದ್ದ. ಉಳಿದರ್ಧದ ವ್ಯಾಜ್ಯ ಮುಗಿದಿರಲಿಲ್ಲ.

ಈ ನಡುವೆ ನಮಗೆ ಹಣ ಕೊಡುತ್ತಿದ್ದ ಒಂದು ಸಂಸ್ಥೆ ಅನಾಥಾಲಯದ ಕಟ್ಟಡ ಕಟ್ಟಿಸಬೇಕೆಂದು ಹಟ ಹಿಡಿಯಿತು. ಕಟ್ಟಡವಾದರೆ ಫಲಕ ಹಾಕಬಹುದು, ಫೋಟೋ ತೆಗೆಯಬಹುದು. ದಾನಿಯ ಮನೆಯ ಕಂಬಳಿಗೆ ಫಲಕ ಹಾಕಲು ಬರುವುದಿಲ್ಲ. ನಾನು ಮತ್ತು ನನ್ನ ಲುವೋ ಸಹೋದ್ಯೋಗಿಗಳು ಅದನ್ನು ಬಲವಾಗಿ ವಿರೋಧಿಸಿದೆವು. ಅಕ್ಕಪಕ್ಕದಲ್ಲಿ ಅಂಥ ಕಟ್ಟಡ ಎದ್ದಲ್ಲೆಲ್ಲ ಬಡ ಬಂಧುಗಳು, ಅಲ್ಲಾದರೆ ಮೂರು ಹೊತ್ತು ಊಟವಿದೆ, ಶಾಲೆಯಿದೆ ಎಂದು ಮಕ್ಕಳನ್ನು ಬಿಟ್ಟುಬರುತ್ತಿದ್ದರು. ಹತ್ತು ವರ್ಷದ ನಂತರ ಆ ಮಗು ಹೊರಬಂದಾಗ ಅದಕ್ಕೆ ಕುಲವೂ ಇಲ್ಲ, ನೆಲವೂ ಇಲ್ಲ, ಭಾಷೆಯೂ ಅರೆಬರೆ. ತಾಯಿ ಬದುಕಿರುವ ಮಕ್ಕಳೂ ಅಲ್ಲಿದ್ದರು. ತಂದೆ-ತಾಯಿಯರಲ್ಲಿ ಒಬ್ಬರು ತೀರಿಕೊಂಡರೂ ವಿಶ್ವಸಂಸ್ಥೆಯ ಲೆಕ್ಕದಲ್ಲಿ ಮಗು ಅನಾಥವೇ ಆಗುವುದರಿಂದ ಈ ಗೊಂದಲ ಸುಲಭವಾಗಿ ಆಗುತ್ತದೆ. ನಮ್ಮ ವಾದಕ್ಕೆ ಆನೆಬಲ ಬಂದದ್ದು 2009ರಲ್ಲಿ, ಮಕ್ಕಳ ಪರ್ಯಾಯ ಪಾಲನೆಯ ಕುರಿತು ವಿಶ್ವಸಂಸ್ಥೆಯ ಮಹಾಸಭೆ ಮಾರ್ಗಸೂತ್ರಗಳನ್ನು ಅಂಗೀಕರಿಸಿ, ಬಂಧುಗಳ ಪಾಲನೆಗೆ ಹೆಸರಿಟ್ಟು ಮಾನ್ಯತೆ ಕೊಟ್ಟಾಗ. ಆದರೂ ಕಟ್ಟಡಕ್ಕೆ ಹಟ ಹಿಡಿದಿದ್ದ ಆ ಸಂಸ್ಥೆ ನಮಗೆ ಹಣ ಕೊಡುವುದನ್ನು ನಿಲ್ಲಿಸಿತು. ಒಂದು ವರ್ಷ ಬಹಳ ಕಷ್ಟಪಟ್ಟೆವು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ನಾನು ಮರಳಿ ಬಂದ ಮೇಲೆ, 2017ರಲ್ಲಿ, ಕೆನ್ಯಾ ಸರಕಾರ ಹೊಸ ಅನಾಥಾಲಯಗಳ ನೋಂದಣಿಯನ್ನೇ ನಿಲ್ಲಿಸಿತೆಂದು ತಿಳಿದು ಸಮಾಧಾನವಾಯಿತು.

ನಮ್ಮ ಪ್ರತಿ ಮನೆಯ ಕಡತದ ಮೊದಲ ಪುಟದಲ್ಲಿ ಕೊನೆಯದಾಗಿ ಒಂದು ಸಾಲು ಇರುತ್ತಿತ್ತು: “ದಾನಿಯ ನಂತರ ಯಾರು?” ಇದನ್ನು ಕೇಳಲು ನನಗೆ ಬಹಳ ದಿನ ಬಾಯಿ ಬರಲಿಲ್ಲ. ನಮ್ಮ ಕಡೆ ಹಿರಿಯರ ಎದುರಿಗೆ ಅವರ ಸಾವಿನ ಮಾತೆತ್ತುವುದು ಅಪಶಕುನ, ಅಲ್ಲಿಯೂ ಹಾಗೆಯೇ. ಉಗಾಂಡಾದಲ್ಲಿ ಸೋಂಕಿತ ತಾಯಂದಿರ ಸಂಘಟನೆಯವರು ಮಕ್ಕಳಿಗಾಗಿ ನೆನಪಿನ ಪುಸ್ತಕ ಬರೆದಿಡುವ ಪದ್ಧತಿ ಆರಂಭಿಸಿದ್ದರು. ಅದನ್ನು ನೆಪ ಮಾಡಿಕೊಂಡು ದಾನಿಯರ ಜೊತೆ ಕೂತೆವು. ಮಗುವಿನ ತಂದೆ ಯಾರು, ಕುಲ ಯಾವುದು, ಗೋರಿ ಎಲ್ಲಿದೆ, ನೆಲದ ಗಡಿ ಯಾವ ಮರದಿಂದ ಯಾವ ಮರಕ್ಕೆ ಎಂದು ಅವರು ಹೇಳುತ್ತ ಹೋದಂತೆ ಬರೆದುಕೊಂಡೆವು. ಹೇಳಿ ಹೇಳಿ ಕೊನೆಗೆ ಅವರೇ ಆ ಪ್ರಶ್ನೆಗೆ ಬರುತ್ತಿದ್ದರು. ಹೆಸರು ಹೇಳಿದ ಬಂಧುವನ್ನು ಕರೆಸಿ, ಊರ ಹಿರಿಯರ ಎದುರಿಗೆ ಒಪ್ಪಿಸಿ, ನಗದು ಯೋಜನೆಯಲ್ಲಿ ಎರಡನೆಯ ಪಾಲಕರೆಂದು ಅವರ ಹೆಸರನ್ನೇ ಬರೆಸುತ್ತಿದ್ದೆವು.

ತೊಲೆಗೆ ಬೂಟು ನೇತುಹಾಕಿದ್ದ ದಾನಿ 2013ರ ಮಳೆಗಾಲದಲ್ಲಿ ತೀರಿಕೊಂಡರು. ಅವರು ಬರೆಸಿದ್ದ ಹೆಸರು ಕಿಸುಮುವಿನ ಮಗನದು. ಅಂತ್ಯಕ್ರಿಯೆಯ ಮರುದಿನ ನಾನು ಹೋದಾಗ ಅವನ ಹೆಂಡತಿ ಅಂಗಳದಲ್ಲಿ ನೆರೆದವರಿಗೆ ಗಂಜಿ ಬಡಿಸುತ್ತಿದ್ದಳು. ಪಟ್ಟಣದ ಸಾಮಾನು ಎರಡು ಚೀಲಗಳಲ್ಲಿ ಬಂದು ಬಾಗಿಲ ಬಳಿ ಬಿದ್ದಿತ್ತು. ಐದು ಮಕ್ಕಳೂ ಮನೆಯ ಹಿಂದೆ ಬಟ್ಟೆ ಒಗೆಯುತ್ತಿದ್ದವು. ಅವರಲ್ಲಿ ಯಾರು ಸತ್ತ ಮಗನ ಮಕ್ಕಳು, ಯಾರು ಬದುಕಿರುವವನ ಮಕ್ಕಳು ಎಂದು ನನ್ನ ಜೊತೆ ಬಂದಿದ್ದ ಹೊಸ ಕಾರ್ಯಕರ್ತ ಕೇಳಿದ. ಹೇಳಲಿಲ್ಲ. ಸಂಜೆಯವರೆಗೆ ಕುಳಿತು ನೋಡು ಎಂದೆ. ಕತ್ತಲಾದ ಮೇಲೆ ಹೊರಟಾಗ ದಾರಿಯಲ್ಲಿ ಅವನು, ಗೊತ್ತಾಗಲಿಲ್ಲ ಮದಾಮ್, ಎಂದ.